ನಲ್ಲಿಯೊಳಗೆ ಕೆಮ್ಮುವವರು ಯಾರು? ಮಕ್ಕಳ ಪದ್ಯದಲ್ಲಿ ಜಡಕ್ಕೆ ಜೀವ ತುಂಬುವ ಬಗೆ

ಜೂನ್ 5ರ ವಿಶ್ವ ಪರಿಸರ ದಿನ ಹತ್ತಿರ ಬಂದರೆ ಸಾಕು, ಶಾಲೆಗಳ ಗೋಡೆಪತ್ರಿಕೆಗಳಲ್ಲಿ ಮರಗಳು ಮಾತಿಗಿಳಿಯುತ್ತವೆ. ‘ನಾನೊಂದು ಮರ, ನೆರಳು ಕೊಡುವೆ, ಗಾಳಿ ಕೊಡುವೆ, ನನ್ನನ್ನು ಕಡಿಯದಿರಿ’ ಎನ್ನುತ್ತವೆ. ಮರಕ್ಕೆ ಬಾಯಿ ಬಂದಿದೆ, ಜೀವ ಬಂದಿಲ್ಲ. ಅದು ಮಾವೋ ಹಲಸೋ ಹುಣಸೆಯೋ ತಿಳಿಯುವುದಿಲ್ಲ. ಅದರ ಮೇಲೆ ಯಾವ ಹಕ್ಕಿ ಕೂತಿದೆ, ಯಾರ ಗಾಳಿಪಟ ಯಾವ ಕೊಂಬೆಗೆ ಸಿಕ್ಕಿಕೊಂಡಿದೆ ಎಂಬ ಸುದ್ದಿಯೂ ಇಲ್ಲ. ಮಕ್ಕಳು ಆ ಸುತ್ತೋಲೆಯನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಬಹುಮಾನ ಪಡೆಯುತ್ತಾರೆ, ವಾರದೊಳಗೆ ಮರೆಯುತ್ತಾರೆ.

ಅದೇ ಮಕ್ಕಳು ಅಂಗಳಕ್ಕಿಳಿದು ‘ಹುಯ್ಯೋ ಹುಯ್ಯೋ ಮಳೆರಾಯ, ಹೂವಿನ ತೋಟಕೆ ನೀರಿಲ್ಲ’ ಎಂದು ಕೂಗುವುದನ್ನು ಕೇಳಿ. ಎರಡೇ ಸಾಲು. ಒಬ್ಬನನ್ನು ಏಕವಚನದಲ್ಲಿ ಕರೆದದ್ದಾಯಿತು, ಏನು ಮಾಡಬೇಕೆಂದು ಹೇಳಿದ್ದಾಯಿತು, ಏಕೆಂದು ಕಾರಣ ಕೊಟ್ಟದ್ದೂ ಆಯಿತು. ಮಳೆರಾಯನಿಗೆ ಕಣ್ಣು, ಮೂಗು, ಕಿರೀಟ ಯಾವುದನ್ನೂ ಬಣ್ಣಿಸಿಲ್ಲ. ಆದರೂ ಅವನು ಮೇಲೆಲ್ಲೋ ಇದ್ದಾನೆ, ನಮ್ಮ ಮಾತು ಅವನಿಗೆ ಕೇಳಿಸುತ್ತದೆ, ಅವನು ಸ್ವಲ್ಪ ಸೋಮಾರಿ ಎಂಬುದೂ ತಿಳಿದುಹೋಯಿತು.

ಈ ಎರಡರ ನಡುವಿನ ಅಂತರ ಎಲ್ಲಿದೆ, ಎರಡನೆಯ ಬಗೆಯ ಪದ್ಯವನ್ನು ಬರೆಯುವುದು ಹೇಗೆ ಎಂಬುದೇ ಈ ಮಾರ್ಗದರ್ಶಿಯ ವಿಷಯ. ನನ್ನ ವಾದ ಇಷ್ಟು: ವಸ್ತುವಿಗೆ ಜೀವವನ್ನು ಹೊರಗಿನಿಂದ ಅಂಟಿಸಲಾಗದು, ಅದರ ನಡವಳಿಕೆಯಲ್ಲೇ ಹುಡುಕಬೇಕು. ಬರಿಯ ತತ್ತ್ವ ಬೇಡವೆಂದು ಒಂದು ವಸ್ತುವನ್ನು ಹಿಡಿದು ಪೂರ್ತಿ ಪದ್ಯವಾಗುವವರೆಗೆ ಕೊಂಡೊಯ್ಯುತ್ತೇನೆ. ವಸ್ತು: ಬೆಂಗಳೂರಿನ ಮನೆಯ ನಲ್ಲಿ.

ಮೊದಲು, ಮಗು ಏನನ್ನು ನಂಬುತ್ತದೆ

ಕಲ್ಲು, ನೀರು, ಮರ, ಗಾಳಿಗಳಲ್ಲೂ ಚೇತನವಿದೆ ಎಂಬ ನಂಬಿಕೆಯನ್ನು ಕನ್ನಡದಲ್ಲಿ ಸರ್ವಚೇತನವಾದ ಎನ್ನುತ್ತಾರೆ. ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ 1871ರಲ್ಲಿ ಅದನ್ನು ಧರ್ಮದ ಮೊದಲ ಮೆಟ್ಟಿಲೆಂದು ವಿವರಿಸಿದ. ಅರ್ಧ ಶತಮಾನದ ಮೇಲೆ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳನ್ನೇ ಕೂರಿಸಿಕೊಂಡು ‘ಇದಕ್ಕೆ ಜೀವ ಇದೆಯೇ? ಇದಕ್ಕೆ ಗೊತ್ತಾಗುತ್ತದೆಯೇ?’ ಎಂದು ಕೇಳುತ್ತ ಹೋದ. ಉತ್ತರಗಳಲ್ಲಿ ಅವನಿಗೆ ನಾಲ್ಕು ಹಂತಗಳು ಕಂಡವು. ತೀರ ಚಿಕ್ಕವರಿಗೆ, ಏನಾದರೊಂದು ಕೆಲಸ ಮಾಡುವ ಎಲ್ಲಕ್ಕೂ ಜೀವ. ಆರೇಳು ವರ್ಷ ಕಳೆದವರಿಗೆ, ಚಲಿಸುವ ವಸ್ತುಗಳಿಗೆ ಮಾತ್ರ. ಎಂಟೊಂಬತ್ತರ ಹೊತ್ತಿಗೆ, ಯಾರೂ ತಳ್ಳದೆ ತಾವಾಗಿ ಚಲಿಸುವ ಸೂರ್ಯ, ಗಾಳಿ, ಹೊಳೆಗಳಿಗೆ. ಹನ್ನೊಂದು ಹನ್ನೆರಡರ ಸುಮಾರಿಗೆ ಜೀವವು ಪ್ರಾಣಿ ಮತ್ತು ಗಿಡಮರಗಳಿಗೆ ಸೀಮಿತವಾಗುತ್ತದೆ. ರಾತ್ರಿ ನಡೆಯುವಾಗ ಚಂದ್ರ ತಮ್ಮ ಹಿಂದೆಯೇ ಬರುತ್ತಾನೆಂದು ಅಲ್ಲಿನ ಮಕ್ಕಳೂ ಅವನಿಗೆ ಹೇಳಿದ್ದರು.

ಪಿಯಾಜೆಯ ನಂತರದ ಮನೋವಿಜ್ಞಾನಿಗಳು ಇದನ್ನು ತಿದ್ದಿದರು. ಬಳಕೆಯ ವಸ್ತುಗಳನ್ನೇ ಮುಂದಿಟ್ಟು ಸರಳವಾಗಿ ಕೇಳಿದರೆ ಮೂರು ನಾಲ್ಕು ವರ್ಷದವರೂ ಕಲ್ಲಿಗೂ ನಾಯಿಗೂ ಇರುವ ವ್ಯತ್ಯಾಸವನ್ನು ಚೆನ್ನಾಗಿಯೇ ಹೇಳುತ್ತಾರೆ. ಪದ್ಯ ಬರೆಯುವವರಿಗೆ ಇದು ದೊಡ್ಡ ವಿಷಯ. ಗೊಂಬೆಗೆ ಅನ್ನ ತಿನ್ನಿಸುವ ಮಗುವಿಗೆ ಗೊಂಬೆ ಉಣ್ಣುವುದಿಲ್ಲವೆಂದು ಗೊತ್ತಿರುತ್ತದೆ. ನಾವು ಹಾಗೆಂದು ನೆನಪಿಸಿದರೆ ಅದಕ್ಕೆ ಸಿಟ್ಟೂ ಬರುತ್ತದೆ. ಮಗು ನಂಬಿ ಮೋಸಹೋಗಿಲ್ಲ, ತಿಳಿದೇ ಆಡುತ್ತಿದೆ. ಆದ್ದರಿಂದ ‘ಪಾಪ, ಮಗುವಿಗೇನು ತಿಳಿಯುತ್ತದೆ’ ಎಂಬ ಸ್ವರದಲ್ಲಿ ಬರೆದ ಪದ್ಯ ಅದಕ್ಕೆ ಹಿಡಿಸುವುದಿಲ್ಲ. ಆಟಕ್ಕೆ ಬರುವವರು ಆಟದ ನಿಯಮಕ್ಕೆ ಬದ್ಧರಾಗಿ ಬರಬೇಕು.

ಒಂದನೆಯ ಹೆಜ್ಜೆ: ಹಟಮಾರಿ ವಸ್ತುವನ್ನು ಆರಿಸಿ

ಚಂದ್ರ, ಚಿಟ್ಟೆ, ಗುಲಾಬಿ, ಮರ ಇವುಗಳನ್ನು ಸದ್ಯಕ್ಕೆ ಬಿಡಿ. ಇವುಗಳ ಬಗ್ಗೆ ಕೈಗೆ ತಾನಾಗಿ ಬರುವ ಸಾಲುಗಳು ಬೇರೆಯವರ ಸಾಲುಗಳು. ಮನೆಯೊಳಗೆ, ಬೀದಿಯಲ್ಲಿ ಹೇಳಿದ ಮಾತು ಕೇಳದ ವಸ್ತುಗಳನ್ನು ಹುಡುಕಿ. ಮಳೆಗಾಲದಲ್ಲಿ ಉಬ್ಬಿ ಮುಚ್ಚಲೊಲ್ಲದ ಬಾಗಿಲು. ಗಾಳಿಗೆ ತಿರುಗಿಕೊಳ್ಳುವ ಕೊಡೆ. ಮೂರು ಸೀಟಿಗೆ ನಿಲ್ಲಬೇಕಾದ ಕುಕ್ಕರ್ ನಾಲ್ಕನೆಯದನ್ನು ಹಾಕುವುದು. ಬೇಕೆಂದಾಗ ಅವಿತುಕೊಳ್ಳುವ ಬಲಗಾಲಿನ ಚಪ್ಪಲಿ. ವಸ್ತು ನಮ್ಮ ಇಚ್ಛೆಗೆ ಅಡ್ಡ ಬಂದ ಕ್ಷಣದಲ್ಲೇ ಅದಕ್ಕೊಂದು ಸ್ವಂತ ಇಚ್ಛೆ ಇರುವಂತೆ ತೋರುತ್ತದೆ. ದೊಡ್ಡವರೂ ಕೆಟ್ಟುನಿಂತ ಸ್ಕೂಟರನ್ನು ಬೈಯುವುದು ಈ ಕಾರಣಕ್ಕೇ.

ವಯಸ್ಸಿನ ಲೆಕ್ಕವನ್ನೂ ಇಲ್ಲಿ ಬಳಸಬಹುದು. ನಾಲ್ಕೈದು ವರ್ಷದವರಿಗೆ ಚಪ್ಪಲಿ, ತಟ್ಟೆ, ದಿಂಬು ಏನಾದರೂ ನಡೆದೀತು. ಎಂಟೊಂಬತ್ತರವರಿಗೆ ತಾನಾಗಿ ಚಲಿಸುವಂತೆ ಕಾಣುವುದು ಬೇಕು: ನೀರು, ಗಾಳಿ, ಬೆಂಕಿ, ಲಿಫ್ಟ್. ಹೊರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವರಿಗೂ ಒಂದು ಮಾತು. ನಿಮ್ಮ ಊರಿನ ಹಿಮಕ್ಕೆ ಕನ್ನಡದಲ್ಲಿ ಹಳೆಯ ಕಥೆಗಳಿಲ್ಲ. ಅದು ಕೊರತೆಯೆಂದು ಕೊರಗಬೇಕಿಲ್ಲ, ಜಾಗ ಖಾಲಿ ಇದೆ ಎಂದುಕೊಂಡು ಬರೆಯಿರಿ.

ನಮ್ಮ ನಲ್ಲಿ ಎಲ್ಲ ರೀತಿಯಲ್ಲೂ ಯೋಗ್ಯ. ಅದು ಬೇಕಾದಾಗ ಬರುವುದಿಲ್ಲ, ಬಂದಾಗ ಸದ್ದು ಮಾಡುತ್ತದೆ, ಹೇಳದೆ ನಿಲ್ಲುತ್ತದೆ.

ಎರಡನೆಯ ಹೆಜ್ಜೆ: ಅದು ಮಾಡುವುದನ್ನೆಲ್ಲ ಬರೆದುಕೊಳ್ಳಿ

ಈಗಲೇ ಉಪಮೆ ಹುಡುಕಬೇಡಿ. ಪೊಲೀಸರ ಮಹಜರಿನಂತೆ ಕಂಡದ್ದನ್ನು ಮಾತ್ರ ಬರೆಯಿರಿ. ನೀರು ಬಿಡುವ ದಿನ ತಿರುಗಿಸಿಟ್ಟ ನಲ್ಲಿಯಲ್ಲಿ ಮೊದಲು ಏನೂ ಇರುವುದಿಲ್ಲ. ಆಮೇಲೆ ಒಳಗಿನಿಂದ ಬುಸ್ ಎಂಬ ಗಾಳಿ. ನಡುನಡುವೆ ಕೊಳಕೊಳ ಸದ್ದು, ಎರಡು ಹನಿ, ಮತ್ತೆ ಗಾಳಿ. ಹಠಾತ್ತನೆ ನೀರು ಚಿಮ್ಮಿ ನಿಂತವರ ಮೈಮೇಲೆ ಹಾರುತ್ತದೆ. ಮೊದಲ ಬಿಂದಿಗೆಯಷ್ಟು ನೀರು ಕೆಂಪಗೆ, ಕದಡಿದಂತೆ. ಅದನ್ನು ಗಿಡಕ್ಕೆ ಸುರಿಯುತ್ತಾರೆ. ಆಮೇಲೆ ತಿಳಿ ನೀರು, ಮುಟ್ಟಿದರೆ ತಣ್ಣಗೆ. ಕೊನೆಗೆ ಧಾರೆ ಸಣ್ಣಗಾಗಿ ನೂಲಾಗಿ ಹನಿಯಾಗಿ, ಟಪ್, ಟಪ್.

ಮಾಡುವುದನ್ನು ಬರೆದಾದ ಮೇಲೆ ಏಕೆ ಹಾಗೆ ಎಂದು ತಿಳಿದುಕೊಳ್ಳಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಕಲ್ಪನೆಗೆ ವಾಸ್ತವ ಅಡ್ಡಿಯೆಂದು ಅವರ ಎಣಿಕೆ. ನನಗೆ ಕಂಡಂತೆ ಒಳ್ಳೆಯ ಪುರಾಣದ ಕಚ್ಚಾ ಸಾಮಗ್ರಿ ಇರುವುದೇ ವಾಸ್ತವದಲ್ಲಿ. ನೀರು ನಿಂತ ಹೊತ್ತಿನಲ್ಲಿ ಕೊಳವೆ ಖಾಲಿಯಾಗಿ ಅದರಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಅದು ಮುಂದಿರುವ ಗಾಳಿಯನ್ನು ನೂಕಿಕೊಂಡು ಬರುತ್ತದೆ. ಬುಸ್ ಎನ್ನುವುದು ಆ ಗಾಳಿ. ಕೊಳವೆಯ ತುಕ್ಕು, ತಳದಲ್ಲಿ ಕೂತ ಮಣ್ಣು ಎದ್ದು ಬರುವುದರಿಂದ ಮೊದಲ ನೀರಿಗೆ ಬಣ್ಣ.

ಇನ್ನೂ ಹಿಂದಕ್ಕೆ ಹೋಗಿ: ಆ ನೀರು ಎಲ್ಲಿಯದು? ಬೆಂಗಳೂರಿಗೆ 1974ರಿಂದ ಕಾವೇರಿಯ ನೀರು ಬರುತ್ತಿದೆ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಅದನ್ನು ಶುದ್ಧೀಕರಿಸಿ ಮೇಲಕ್ಕೆ ಎತ್ತುತ್ತಾರೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿ. ಒಟ್ಟು ಮೂರು ಕಡೆ ಪಂಪುಗಳು ನೂಕಬೇಕು. ದಾರಿ ಸುಮಾರು ನೂರು ಕಿಲೋಮೀಟರ್, ಏರು ಸುಮಾರು ಐನೂರು ಮೀಟರ್. ಹೊಳೆ ಇಳಿದು ಹೋಗುವುದು ಲೋಕರೂಢಿ. ಇಲ್ಲಿ ಒಂದು ಹೊಳೆ ಬೆಟ್ಟ ಹತ್ತುತ್ತಿದೆ, ಅದೂ ಕತ್ತಲ ಕೊಳವೆಯೊಳಗೆ, ಮೂರು ಕಡೆ ದಮ್ಮು ಕಟ್ಟಿ. ಇಷ್ಟು ತಿಳಿದ ಮೇಲೆ ಕೆಮ್ಮಿಗೆ ಕಾರಣ ನಾವು ಹುಡುಕಬೇಕಾಗಿಲ್ಲ.

ಮೂರನೆಯ ಹೆಜ್ಜೆ: ಜೀವ ಯಾರಿಗೆ, ಯಾವ ವಚನದಲ್ಲಿ

ಕನ್ನಡ ಬರೆಯುವವರಿಗೆ ಇಲ್ಲಿ ಒಂದು ಪುಣ್ಯವಿದೆ. ನಮ್ಮಲ್ಲಿ ಕ್ರಿಯಾಪದದ ತುದಿಯೇ ಹೇಳುತ್ತದೆ, ಬಂದದ್ದು ಅವನೋ ಅವಳೋ ಅದೋ ಎಂದು. ‘ಮೂಡಿತು’ ಎಂದರೆ ಖಗೋಳ, ‘ಮೂಡಿದನು’ ಎಂದರೆ ಕಥೆ. ಒಂದು ಪ್ರತ್ಯಯ ಬದಲಾದರೆ ಸಾಕು, ವಿಶೇಷಣಗಳ ಮೆರವಣಿಗೆ ಬೇಕಿಲ್ಲ.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಬೆಳಗಾಗುವುದನ್ನು ಕುರಿತು ಬರೆದ ಪದ್ಯದಲ್ಲಿ ರವಿ ‘ಕತ್ತಲೊಡನೆ ಜಗಳಾಡುವನು’. ಮೂಡಣ ದಿಕ್ಕು ಅಲ್ಲಿ ‘ರಂಗಸ್ಥಳ’, ಆಕಾಶದ ಕೆಂಪು ‘ನೆತ್ತರು’. ಕರಾವಳಿಯ ಮಗುವಿಗೆ ರಂಗಸ್ಥಳ ಎಂದೊಡನೆ ಯಕ್ಷಗಾನ, ರಾತ್ರಿಯೆಲ್ಲ ನಡೆದ ಕಾಳಗ, ಬೆಳಗಿನ ಜಾವದ ಗೆಲುವು. ಸೂರ್ಯನಿಗೆ ಮುಖವನ್ನು ಬರೆಯುವ ಗೋಜಿಗೇ ಅವರು ಹೋಗಲಿಲ್ಲ. ‘-ವನು’ ಎಂಬ ತುದಿ, ಒಂದು ಜಗಳ, ಊರಿನ ಆಟದ ಕಣ. ಪುರಾಣ ಸಿದ್ಧ. ಮಕ್ಕಳ ಪದ್ಯದಲ್ಲಿ ನೆತ್ತರೇ ಎಂದು ಹುಬ್ಬೇರಿಸುವ ಸಂಪಾದಕರು ಈಗ ಸಿಗುತ್ತಾರೆ. ಮಕ್ಕಳಂತೂ ಹುಬ್ಬೇರಿಸಿದ್ದನ್ನು ನಾನು ಕಂಡಿಲ್ಲ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ನಪುಂಸಕ ಲಿಂಗವನ್ನು ಹಾಗೇ ಇಟ್ಟು ಮನಸ್ಸಿನ ಕ್ರಿಯೆಯನ್ನು ಮಾತ್ರ ಕೊಡುವುದು: ‘ನಲ್ಲಿ ಇವತ್ತು ಮುನಿಸಿಕೊಂಡಿದೆ’. ಇದರಲ್ಲಿ ವಸ್ತು ವಸ್ತುವಾಗಿಯೇ ಉಳಿಯುತ್ತದೆ, ಮನೆಯ ಬೆಕ್ಕಿನಷ್ಟು ಜೀವ ಬರುತ್ತದೆ. ಚಿಕ್ಕ ವಸ್ತುಗಳಿಗೆ ಇದೇ ಸರಿ. ಎರಡನೆಯದು, ಅವನು ಅಥವಾ ಅವಳು. ಮೂರನೆಯದು, ಎದುರು ನಿಂತು ‘ನೀನು’ ಎಂದು ಕರೆಯುವುದು. ಕನ್ನಡದಲ್ಲಿ ತಾಯಿಯನ್ನೂ ದೇವರನ್ನೂ ಮಳೆಯನ್ನೂ ನೀನು ಎನ್ನುತ್ತೇವೆ. ಭಕ್ತಿಯೂ ಸಲಿಗೆಯೂ ಅದರಲ್ಲಿ ಒಟ್ಟಿಗೇ ಇವೆ. ಮಕ್ಕಳ ಪದ್ಯಕ್ಕೆ ಇದರಷ್ಟು ಹೊಂದುವ ದಾರಿ ಇನ್ನೊಂದಿಲ್ಲ.

ನಂಟಿನ ಹೆಸರುಗಳು ಇದರ ಜೊತೆಗೆ ಬರುತ್ತವೆ. ಚಂದ್ರ ಮಾಮ ಏಕೆ, ಚಿಕ್ಕಪ್ಪ ಏಕಲ್ಲ? ಸೋದರಮಾವನ ಹತ್ತಿರ ಹಟ ಹಿಡಿಯಬಹುದು, ಕೇಳಿದ್ದನ್ನು ಅವನು ತರಬೇಕು. ಚಂದಮಾಮನಿಂದ ಮಗು ಬಯಸುವುದೂ ಅದನ್ನೇ. ಕಾಗಕ್ಕ, ಗುಬ್ಬಕ್ಕ ಅಂಗಳಕ್ಕೆ ಬರುವ ನೆರೆಯವರು. ನರಿಯಣ್ಣ ಜಾಣ, ನಂಬುವಂತಿಲ್ಲ. ಹುಲಿರಾಯ, ಮಳೆರಾಯ ದೊಡ್ಡವರು, ದೂರದವರು. ಅಕ್ಕ, ಅಣ್ಣ, ರಾಯ ಎಂಬ ಈ ಬಾಲಗಳನ್ನು ಮನಬಂದಂತೆ ಅಂಟಿಸಬೇಡಿ. ‘ಟಿವಿಯಣ್ಣ, ಮೊಬೈಲಕ್ಕ’ ಎಂದು ಬರೆದ ಪದ್ಯಗಳನ್ನು ಓದಿದ್ದೇನೆ. ಅಲ್ಲಿ ನಂಟೇ ಇಲ್ಲ, ಬರಿಯ ಬಾಲ.

ನಲ್ಲಿಗೆ ಬರೋಣ. ಜೀವ ನಲ್ಲಿಗೋ ನೀರಿಗೋ? ಎರಡಕ್ಕೂ ಕೊಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ನಲ್ಲಿ, ಬಿಂದಿಗೆ, ಕೊಳವೆ ಮೂರೂ ಮಾತನಾಡತೊಡಗಿದರೆ ಪದ್ಯ ಸಂತೆಯಾಗುತ್ತದೆ. ಬೆಟ್ಟ ಹತ್ತಿ ದಣಿದದ್ದು ನೀರು, ಆದ್ದರಿಂದ ಕೆಮ್ಮುವವಳು ಕಾವೇರಿ. ನಲ್ಲಿ ಅವಳು ಬರುವ ಬಾಗಿಲು, ಅಷ್ಟೇ. ನಮ್ಮ ಹೊಳೆಗಳೆಲ್ಲ ಹೆಣ್ಣು. ಅವಳನ್ನು ಕಾವೇರಮ್ಮ ಎಂದು ಕರೆಯುವ ರೂಢಿಯೂ ಇದೆ. ನಂಟು ಹೊಸದಾಗಿ ಕಟ್ಟಬೇಕಿಲ್ಲ.

ನಾಲ್ಕನೆಯ ಹೆಜ್ಜೆ: ಪುರಾಣ ಕಟ್ಟುವುದು

ಜೀವ ಬಂದ ಮಾತ್ರಕ್ಕೆ ಪುರಾಣವಾಗುವುದಿಲ್ಲ. ಪುರಾಣಕ್ಕೆ ಒಂದು ‘ಏಕೆ’ ಬೇಕು. ಕೊಡವ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸುವುದೇಕೆ? ಬಲಮುರಿಯಲ್ಲಿ ಕಾವೇರಿಯನ್ನು ತಡೆಯಲು ಅಡ್ಡ ನಿಂತಾಗ ಅವಳ ರಭಸಕ್ಕೆ ನೆರಿಗೆಗಳು ಹಿಂದಕ್ಕೆ ಸರಿದವು, ಅದಕ್ಕೆ ಎನ್ನುತ್ತದೆ ಕೊಡಗಿನ ಕಥೆ. ಕಣ್ಣೆದುರಿನ ಉಡುಗೆಯನ್ನು ನೋಡಿ, ಅದರ ಹಿಂದೆ ಒಂದು ಹೊಳೆಯ ಸಿಟ್ಟನ್ನು ಕಂಡ ಈ ಕಲ್ಪನೆಗೆ ನಾನು ಬೆರಗಾಗಿದ್ದೇನೆ. ಚಂದ್ರನಲ್ಲಿ ಮೊಲ, ಗ್ರಹಣದಲ್ಲಿ ರಾಹು, ಏಳು ಬಣ್ಣಕ್ಕೆ ಕಾಮನಬಿಲ್ಲು, ಎಲ್ಲವೂ ಇದೇ ಕುಲದವು. ಮಗು ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆಗೆ ಕೊಟ್ಟ ಉತ್ತರಗಳು.

ಇನ್ನೊಂದು ಬಗೆಯ ಪುರಾಣ ಕಾರಣ ಹೇಳುವುದಿಲ್ಲ, ನಡೆದುಕೊಳ್ಳುವ ರೀತಿಯನ್ನು ಕಲಿಸುತ್ತದೆ. ಮಲೆನಾಡಿನಲ್ಲಿ ಆಶ್ವಯುಜ ಮಾಸದ ಹುಣ್ಣಿಮೆ ಭೂಮಿ ಹುಣ್ಣಿಮೆ. ತೆನೆ ಕಟ್ಟುವ ಹೊತ್ತಿನ ಗದ್ದೆ ಬಸುರಿ ಹೆಂಗಸು, ಅವಳಿಗೆ ಬಯಕೆಯ ಊಟ ಬಡಿಸಬೇಕು. ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು, ಹಿಂದಿನ ರಾತ್ರಿಯಿಡೀ ಅಡುಗೆ ಮಾಡಿ, ಬೆಳಗಾಗುವ ಮೊದಲು ಗದ್ದೆಗೆ ಹೋಗಿ ಚರ ಬೀರುತ್ತಾರೆ, ಎಂದರೆ ಎಡೆಯನ್ನು ಪೈರಿಗೆ ಎರಚುತ್ತಾರೆ. ತುಳುನಾಡಿನ ಕೆಡ್ಡಸದಲ್ಲಿ ಭೂಮಿ ಮುಟ್ಟಾದವಳು, ಮೂರು ದಿನ ನೆಲವನ್ನು ಅಗೆಯುವಂತಿಲ್ಲ, ಉಳುವಂತಿಲ್ಲ. ಉತ್ತರ ಕರ್ನಾಟಕದಲ್ಲಿ ಮಳೆ ಹೋದಾಗ, ಮಳೆಗಾಗಿ ಪೂಜಿಸುವ ಗುರ್ಜಿಯ ಮೂರ್ತಿಯನ್ನು ತಲೆಯ ಮೇಲೆ ಹೊತ್ತವನು ಮನೆಮನೆಗೆ ಬರುತ್ತಾನೆ, ಹೆಂಗಸರು ಅವನ ತಲೆಯ ಮೇಲೆ ಕೊಡದ ನೀರು ಸುರಿಯುತ್ತಾರೆ, ಮಕ್ಕಳು ಹಾಡುತ್ತ ಹಿಂದೆ ಓಡುತ್ತಾರೆ. ಮೇಲಿನವನಿಗೆ ಸುರಿಯುವುದು ಹೇಗೆಂದು ಮಾಡಿ ತೋರಿಸಿದಂತೆ! ಭೂಮಿಗೆ ಜೀವವಿದೆ ಎಂದು ಇಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಊಟ ಬಡಿಸುತ್ತಾರೆ, ಸಲಿಕೆಯನ್ನು ಮೂಲೆಗಿಡುತ್ತಾರೆ.

ಈ ಸಾಮಗ್ರಿಯನ್ನು ಬಳಸುವಾಗ ಎರಡು ಎಚ್ಚರ. ಇಡೀ ಕಥೆಯನ್ನು ಪದ್ಯಕ್ಕೆ ತುರುಕಬೇಡಿ, ಒಂದು ಕೀಲನ್ನು ಮಾತ್ರ ತೆಗೆದುಕೊಳ್ಳಿ. ಮತ್ತು, ಜನ ಇಂದಿಗೂ ಕೈಮುಗಿಯುವ ದೈವಗಳನ್ನು ಅಲಂಕಾರಕ್ಕೆಂದು ಎಳೆದು ತರಬೇಡಿ. ತುಳುನಾಡಿನ ದೈವ ಪಂಜುರ್ಲಿ ಕಾಡುಹಂದಿಯ ಮುದ್ದು ಚಿತ್ರವಲ್ಲ, ಒಂದು ಊರಿನ ನ್ಯಾಯಪೀಠ. ಆ ಊರಿನವರು ಬರೆಯುವುದು ಬೇರೆ, ಚಿತ್ರ ನೋಡಿ ಬರೆಯುವುದು ಬೇರೆ.

ಕಾವೇರಿಯ ಕಥೆಯಲ್ಲಿ ನಮಗೆ ಬೇಕಾದ ಕೀಲು ಕಮಂಡಲ. ಅಗಸ್ತ್ಯ ಕಾವೇರಿಯನ್ನು ಕಮಂಡಲದಲ್ಲಿ ಇಟ್ಟಿದ್ದ. ಒಂದು ಹೇಳಿಕೆಯಲ್ಲಿ, ತನ್ನನ್ನು ಒಬ್ಬಳನ್ನೇ ಬಿಟ್ಟುಹೋಗಬಾರದೆಂಬ ಮಾತನ್ನು ಮುನಿ ಮುರಿದಾಗ ಅವಳೇ ಹರಿದು ಹೊರಟಳು. ಇನ್ನೊಂದರಲ್ಲಿ ಗಣಪತಿ ಕಾಗೆಯ ರೂಪದಲ್ಲಿ ಬಂದು ಕಮಂಡಲವನ್ನು ಉರುಳಿಸಿದ. ಎರಡನೆಯದು ಮಕ್ಕಳಿಗೆ ಹೆಚ್ಚು ಹತ್ತಿರ, ಏಕೆಂದರೆ ಅದರಲ್ಲಿ ಕಾಗೆ ಇದೆ, ಚೆಲ್ಲಾಟ ಇದೆ. ಕಮಂಡಲ ಚಿಕ್ಕ ಪಾತ್ರೆ, ಕೊಳವೆ ಉದ್ದನೆಯ ಪಾತ್ರೆ. ಒಂದರಿಂದ ತಪ್ಪಿಸಿಕೊಂಡ ಹುಡುಗಿ ಇನ್ನೊಂದರೊಳಗೆ ಹೊಕ್ಕಿದ್ದಾಳೆ. ಹಳೆಯ ಕಥೆಯೂ ಇಂದಿನ ನಲ್ಲಿಯೂ ಹೀಗೆ ಕೂಡಿಕೊಂಡವು.

ಇನ್ನು ನಿಯಮ. ಪದ್ಯದಲ್ಲಿ ಒಂದೇ ಒಂದು ಸುಳ್ಳಿಗೆ ಅಪ್ಪಣೆ. ಕಾವೇರಿ ನಡೆದು ಬರುವ ಹೆಣ್ಣು ಎಂಬುದು ಆ ಸುಳ್ಳು. ಅದಾದ ಮೇಲೆ ಎಲ್ಲವೂ ಮಹಜರಿನಲ್ಲಿ ಇರುವಂತೆಯೇ ನಡೆಯಬೇಕು. ಗಾಳಿಯ ಸದ್ದು? ಅವಳ ಏದುಸಿರು. ಕೊಳಕೊಳ? ಕೆಮ್ಮು. ಕೆಂಪು ನೀರು? ಅಷ್ಟು ದೂರ ನಡೆದವಳ ಕಾಲಿಗೆ ಕೆಸರು ಮೆತ್ತಿದೆ, ಮನೆಗೆ ಬರುವ ಮುಂಚೆ ಕಾಲು ತೊಳೆಯುತ್ತಾಳೆ. ಮೊದಲ ಬಿಂದಿಗೆ ಏಕೆ ಕುಡಿಯಲು ಬಾರದು ಎಂಬುದಕ್ಕೂ ಇದೇ ಉತ್ತರ. ಹೊಳಪಿನ ರೆಕ್ಕೆ, ಮಂತ್ರದಂಡ, ಮಾತನಾಡುವ ಮೀನು ಇವೆಲ್ಲ ಬೇಡ. ನಿಯಮ ಮುರಿದ ಕ್ಷಣವೇ ಮಗು ಆಟ ಬಿಟ್ಟು ಏಳುತ್ತದೆ.

ಐದನೆಯ ಹೆಜ್ಜೆ: ಲಯ

ಮಕ್ಕಳ ಪದ್ಯಕ್ಕೆ ನಾಲ್ಕು ಮಾತ್ರೆಯ ಗಣ ಬಲು ಒಗ್ಗುತ್ತದೆ, ನಡಿಗೆಗೆ ಹೊಂದುತ್ತದೆ. ಇಲ್ಲಿ ಮೂರು ಗಣ, ಕೊನೆಗೆ ಒಂದು ಅಕ್ಷರದ ಬಾಲ ಇಟ್ಟುಕೊಳ್ಳೋಣ. ರಾಜರತ್ನಂ ಅವರ ತುತ್ತೂರಿಯ ಪದ್ಯದ ನಡೆಯೂ ಇದೇ, ಹಾಗಾಗಿ ಕನ್ನಡ ಶಾಲೆಯ ಮಕ್ಕಳ ಕಿವಿಗೆ ಇದು ಹೊಸದಲ್ಲ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ‘ಬುಸ್’ನಂತೆ ವ್ಯಂಜನದಲ್ಲಿ ನಿಲ್ಲುವುದಕ್ಕೆ ಎರಡು.

ಬುಸ್ ಬುಸ್ | ಎನ್ನುತ | ನಲ್ಲಿಯ | ಲಿ
ಕೊಳಕೊಳ | ಕೆಮ್ಮುವ | ರಾರಮ್ | ಮ

ಬುಸ್, ಕೊಳಕೊಳ, ಟಪ್ ಮುಂತಾದ ಅನುಕರಣದ ಮಾತುಗಳನ್ನು ಧಾರಾಳವಾಗಿ ಬಳಸಿ. ವಸ್ತು ತನ್ನ ಸ್ವಂತ ಬಾಯಲ್ಲಿ ಆಡುವ ಮಾತು ಇದೊಂದೇ, ಉಳಿದದ್ದೆಲ್ಲ ನಾವು ಆಡಿಸುವುದು. ಆದರೆ ಸದ್ದನ್ನು ನೀವೇ ಕೇಳಿ ಬರೆಯಿರಿ. ನೀರೆಂದರೆ ಜುಳುಜುಳು ಎಂದು ಕೈ ತಾನಾಗಿ ಬರೆಯುತ್ತದೆ, ನಲ್ಲಿ ಎಂದೂ ಜುಳುಜುಳು ಎಂದಿಲ್ಲ.

ಈ ಮೊದಲ ನುಡಿಯ ನಾಲ್ಕನೆಯ ಸಾಲನ್ನು ‘ಬಂದಳು ನೋಡು ಕಾವೇರಮ್ಮ’ ಎಂದಿಟ್ಟರೆ ಅರ್ಥಕ್ಕೆ ಕುಂದಿಲ್ಲ. ಕೈ ತಟ್ಟುತ್ತ ಹೇಳಿ ನೋಡಿ: ಎರಡನೆಯ ಗಣದಲ್ಲಿ ‘ನೋಡು ಕಾ’ ಐದು ಮಾತ್ರೆಯಾಗಿ ಕಾಲು ಎಡವುತ್ತದೆ. ‘ಬಂದಳಿಗೋ ಕಾವೇರಮ್ಮ’ ಎಂದರೆ ಗಣ ಸರಿಹೋಗುತ್ತದೆ. ಜೊತೆಗೆ, ‘ಇಗೋ’ ಎಂದು ಬೆರಳು ತೋರಿಸುವ ಸಂಭ್ರಮವೂ ಬಂತು. ಲಯ ಸರಿಪಡಿಸಲು ಹೋದಾಗ ಅರ್ಥವೂ ಒಂದು ಮೆಟ್ಟಿಲು ಮೇಲೇರುವುದು ಆಗಾಗ ನಡೆಯುತ್ತದೆ. ಹಾಗೆಯೇ ಎರಡನೆಯ ನುಡಿಯಲ್ಲಿ ಕೊಳವೆಯನ್ನು ಮೊದಲು ‘ಮನೆಯಾಗಿ’ ಎಂದು ಬರೆಯಲು ಮನಸ್ಸಾಗುತ್ತದೆ. ಅವಳು ಅಲ್ಲಿ ನೆಲೆಸಿಲ್ಲ, ಹಾದುಹೋಗುತ್ತಿದ್ದಾಳೆ, ಹಾಗಾಗಿ ‘ಬಿಲವಾಗಿ’. ಪೂರ್ತಿ ಪದ್ಯ ಹೀಗೆ:

ಬುಸ್ ಬುಸ್ ಎನ್ನುತ ನಲ್ಲಿಯಲಿ
ಕೊಳಕೊಳ ಕೆಮ್ಮುವರಾರಮ್ಮ?
ಬೆಟ್ಟವ ಹತ್ತಿದ ಸುಸ್ತಿನಲಿ
ಬಂದಳಿಗೋ ಕಾವೇರಮ್ಮ!

ಮುನಿಯ ಕಮಂಡಲ ಉರುಳಿತ್ತು
ಕಾಗೆಯ ಕೊಕ್ಕಿನ ತುದಿ ತಾಗಿ;
ಓಡಿದ ಹುಡುಗಿಗೆ ಸಿಕ್ಕಿತ್ತು
ಕಬ್ಬಿಣ ಕೊಳವೆಯೆ ಬಿಲವಾಗಿ.

ಕೆಸರಿನ ಕಾಲನು ತೊಳೆಯುವಳು,
ಮೊದಲನೆ ಬಿಂದಿಗೆ ಅದಕಾಗಿ;
ಬೆಳ್ಳಗೆ ನಗುತಲಿ ಇಳಿಯುವಳು
ಅಮ್ಮನ ತಂಬಿಗೆ ತಂಪಾಗಿ.

ಟಪ್ ಟಪ್ ಟಪ್ಪನೆ ನಿಂತಾಯ್ತು,
ಮತ್ತೂ ಬರುವವಳಲ್ಲೇನು?
ಕೆಮ್ಮಿಗೆ ಔಷಧಿ ಏನಾಯ್ತು?
ಶುಂಠಿ ಕಷಾಯವ ಇಡಲೇನು?

ಆರನೆಯ ಹೆಜ್ಜೆ: ಮುಗಿಸುವಲ್ಲಿ ಕೈ ತಡೆಯಿರಿ

ಕೊನೆಯ ನುಡಿಯಲ್ಲಿ ‘ನೀರನ್ನು ಉಳಿಸಿರಿ’ ಎಂದು ಬರೆಯಲು ಕೈ ತುರಿಸುತ್ತದೆ. ಶಾಲೆಯ ಕಾರ್ಯಕ್ರಮಕ್ಕೆ ಬೇಕೆಂದು ಯಾರೋ ಕೇಳಿಯೂ ಇರುತ್ತಾರೆ. ಬರೆದರೆ ನಾಲ್ಕು ನುಡಿಯ ಶ್ರಮ ನೀರುಪಾಲು. ಕಾವೇರಿ ಮತ್ತೆ ಗೋಡೆಪತ್ರಿಕೆಯ ಮರವಾಗುತ್ತಾಳೆ. ಭೂಮಿ ಹುಣ್ಣಿಮೆಯ ಜನ ಮಾಡಿದ್ದನ್ನೇ ಮಗುವಿಗೂ ಬಿಡಿ: ಏನಾದರೊಂದು ಉಪಚಾರ ಮಾಡಲಿ. ಕೆಮ್ಮುವವರಿಗೆ ಮನೆಯಲ್ಲಿ ಏನು ಕೊಡುತ್ತಾರೆಂದು ಅದಕ್ಕೆ ಗೊತ್ತು. ಹೊಳೆಗೆ ಕಷಾಯ ಇಡಲು ಹೊರಟ ಮಗು ನಲ್ಲಿಯನ್ನು ಸುಮ್ಮನೆ ತೆರೆದಿಟ್ಟು ಹೋಗುವುದು ಕಡಿಮೆ ಎಂದು ನನ್ನ ಗುಮಾನಿ. ಅದು ಪದ್ಯದಲ್ಲಿ ಹೇಳುವ ಮಾತಲ್ಲ.

ಹೆದರಿಕೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಗುಮ್ಮ, ದೆವ್ವ, ಕತ್ತಲು ಪದ್ಯದಲ್ಲಿ ಬರಬಾರದೆಂಬ ನಿಯಮವಿಲ್ಲ. ಬಂದವರು ಪದ್ಯದೊಳಗೇ ಎಲ್ಲಾದರೂ ಒಂದು ಕಡೆ ಕೂರಬೇಕು. ಗುಮ್ಮ ಬಂದು ಹೋದನೋ ಇದ್ದಾನೋ ತಿಳಿಯದಂತೆ ಮುಗಿಸಿದರೆ ಆ ರಾತ್ರಿ ದೀಪ ಆರಿಸಲು ಮಗು ಬಿಡುವುದಿಲ್ಲ.

ಏಳನೆಯ ಹೆಜ್ಜೆ: ಪರೀಕ್ಷೆ

ಮಕ್ಕಳ ಮುಂದೆ ಓದುವ ಮೊದಲು ನೀವೇ ಒಂದು ಪರೀಕ್ಷೆ ಮಾಡಿ. ವಸ್ತುವಿನ ಹೆಸರನ್ನು ತೆಗೆದು ಬೇರೊಂದನ್ನು ಇಡಿ. ನಲ್ಲಿಯ ಜಾಗದಲ್ಲಿ ಬಾವಿ, ಕೆರೆ, ಮರ ಇಟ್ಟರೂ ಪದ್ಯ ನಡೆಯುವುದಾದರೆ ನೀವು ನಲ್ಲಿಯನ್ನು ನೋಡಿಯೇ ಇಲ್ಲ. ಎರಡನೆಯ ಹೆಜ್ಜೆಗೆ ಹಿಂದಿರುಗಿ. ಮೇಲಿನ ಪದ್ಯದಲ್ಲಿ ಬಾವಿ ಇಟ್ಟು ನೋಡಿ, ಮೊದಲ ಸಾಲಿನಲ್ಲೇ ಕುಸಿಯುತ್ತದೆ.

ಆಮೇಲೆ ಮಕ್ಕಳಿಗೆ ಓದಿ. ‘ಅರ್ಥವಾಯಿತೇ, ಇಷ್ಟವಾಯಿತೇ’ ಎಂದು ಕೇಳಬೇಡಿ, ದೊಡ್ಡವರನ್ನು ಮೆಚ್ಚಿಸಲು ಅವರು ಹೂಂ ಎನ್ನುತ್ತಾರೆ. ಅವರು ನಡುವೆ ಬಾಯಿ ಹಾಕುವುದನ್ನು ಗಮನಿಸಿ. ‘ಮೀನು ಏನು ಮಾಡುತ್ತದೆ ಕೊಳವೆಯಲ್ಲಿ?’, ‘ನಮ್ಮ ಮನೆಗೆ ಟ್ಯಾಂಕರ್ ನೀರು, ಅದರಲ್ಲಿ ಯಾರಿರುತ್ತಾರೆ?’ ಇಂಥ ಪ್ರಶ್ನೆ ಬಂದರೆ ಆಟ ಕಟ್ಟಿಕೊಂಡಿದೆ. ಎರಡನೆಯದಕ್ಕೆ ಉತ್ತರವಾಗಿ ಇನ್ನೊಂದು ಪದ್ಯವನ್ನು ಅವರಿಂದಲೇ ಬರೆಸಬಹುದು. ಟ್ಯಾಂಕರಿನೊಳಗೆ ಕೂತವಳು ಕೊಳವೆಬಾವಿಯ ಪಾತಾಳದಿಂದ ಬಂದವಳು, ಅವಳ ಕಥೆ ಬೇರೆಯೇ.

‘ನಿಜವಾಗಿಯೂ ಕಾವೇರಿ ಕೆಮ್ಮುತ್ತಾಳೆಯೇ?’ ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಹೌದೆಂದು ಸುಳ್ಳು ಹೇಳಬೇಡಿ, ಇಲ್ಲವೆಂದು ಬಾಗಿಲು ಹಾಕಲೂ ಬೇಡಿ. ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಗಾಳಿಯ ವಿಷಯ ಹೇಳಿ, ತೊರೆಕಾಡನಹಳ್ಳಿಯಿಂದ ಮನೆಯವರೆಗಿನ ದಾರಿಯನ್ನು ನಕ್ಷೆಯಲ್ಲಿ ತೋರಿಸಿ. ಮಗು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುತ್ತದೆ, ಗೊಂದಲಗೊಳ್ಳುವುದು ನಾವು.

ಪದ್ಯ ಅಚ್ಚಿಗೆ ಹೋಗುವುದಾದರೆ ಚಿತ್ರ ಬರೆಯುವವರ ಜೊತೆ ಮೊದಲೇ ಕೂತು ಮಾತನಾಡಿ. ಬಿಟ್ಟರೆ ನಲ್ಲಿಗೆ ಎರಡು ಕಣ್ಣು, ಒಂದು ನಗುಬಾಯಿ ಬರೆದು ಕಳಿಸುತ್ತಾರೆ. ಕಣ್ಣಿಲ್ಲದ ಸಾಮಾನ್ಯ ಹಿತ್ತಾಳೆಯ ನಲ್ಲಿ ಇರಲಿ, ಅದರ ಕೆಳಗೆ ಸಾಲಾಗಿ ಬಿಂದಿಗೆಗಳು, ಮುಂದೆ ಕಷಾಯದ ಲೋಟ ಹಿಡಿದು ನಿಂತ ಮಗು. ಕಾವೇರಿಯನ್ನು ಬರೆಯಲೇಬೇಕೆಂದು ಅವರು ಪಟ್ಟುಹಿಡಿದರೆ ಕೆಸರಿನ ಎರಡು ಹೆಜ್ಜೆ ಗುರುತುಗಳಿಗೆ ಒಪ್ಪಿಕೊಳ್ಳಿ, ಅದಕ್ಕಿಂತ ಹೆಚ್ಚಿಗೆ ಬೇಡ.